ಗಣೆಯ ಮೇಲಿನ ದೇಹ, ಠಾಣೆಯ ಕಡತ: ಪತ್ತೇದಾರಿ ಕಥನ ಮತ್ತು ಚಿತ್ರದುರ್ಗ ಸೀಮೆಯ ದೊಂಬರು

1

ಜನಪದ ರಂಜನೆಯ ಅಧ್ಯಯನವು ಇಂದು ಜಾತ್ರೆಯ ಬಯಲಿನಲ್ಲಷ್ಟೇ ನಡೆದರೆ ಸಾಲದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹುಡುಗರು ಈಗ ಕಥೆಗಳನ್ನು ಕೇಳುವ ಬದಲು ಪರದೆಯ ಮೇಲೆ ಆಡುತ್ತಿದ್ದಾರೆ. ಚಿತ್ರಗಳನ್ನು ನೋಡುತ್ತ, ಪಾತ್ರಗಳ ಮಾತುಗಳನ್ನು ಓದುತ್ತ, ಸಾಕ್ಷ್ಯಗಳನ್ನು ಕೂಡಿಹಾಕುತ್ತ ಅಪರಾಧಿಯನ್ನು ಕಂಡುಹಿಡಿಯುವ ಆಟಗಳು ಅವುಗಳಲ್ಲಿ ಒಂದು ಬಗೆ. ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯು 2002ರಲ್ಲಿ ಹೊರತಂದ 'ಏಸ್ ಅಟಾರ್ನಿ' ಮಾಲೆಯ ಎರಡನೆಯ ಆಟದಲ್ಲಿ ಒಂದು ಇಡೀ ಪ್ರಕರಣವು ಸರ್ಕಸ್ ಕಂಪನಿಯೊಳಗೆ ನಡೆಯುತ್ತದೆ. ಕಂಪನಿಯ ಯಜಮಾನನ ಕೊಲೆಯಾಗುತ್ತದೆ. ಅನುಮಾನವು ಮೊದಲು ಜಾದೂಗಾರನ ಮೇಲೆ ಬೀಳುತ್ತದೆ. ಕೊನೆಗೆ ಕೊಲೆಗಾರನೆಂದು ತಿಳಿದುಬರುವವನು ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡು ಗಾಲಿಕುರ್ಚಿ ಹಿಡಿದ ಒಬ್ಬ ಲಾಗದ ಕಲಾವಿದ.

ಇದು ಹೊಸ ಮಾಧ್ಯಮವಾದರೂ ಇದರ ಕಥನಸೂತ್ರ ಹಳೆಯದು. ಆರ್ಥರ್ ಕಾನನ್ ಡಾಯ್ಲ್ 1927ರಲ್ಲಿ ಪ್ರಕಟಿಸಿದ ಮುಸುಕಿನ ಹೆಂಗಸಿನ ಕಥೆಯಲ್ಲಿ ಷೆರ್ಲಾಕ್ ಹೋಮ್ಸ್ ಎದುರಿಸುವುದು ಸರ್ಕಸ್ಸಿನ ಸಿಂಹದ ಬೋನಿನ ಬಳಿ ನಡೆದ ಸಾವನ್ನೇ. ಸತ್ಯಜಿತ್ ರೇ ಅವರ ಪತ್ತೇದಾರ ಫೆಲೂದಾ, 1978ರ 'ಛಿನ್ನಮಸ್ತಾರ್ ಅಭಿಶಾಪ್' ಕಥೆಯಲ್ಲಿ, ಹಜಾರಿಬಾಗ್‌ನಲ್ಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯ ಜಾಡಿನಲ್ಲಿ ಸಾಗುತ್ತಾನೆ. ಪತ್ತೇದಾರಿ ಕಥನವು ಮತ್ತೆ ಮತ್ತೆ ಆಟದವರ ಡೇರೆಗೆ ಬರುವುದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಚಿತ್ರದುರ್ಗ ಸೀಮೆಯ ನೆಲದಲ್ಲಿ ನಿಂತು ಕೇಳಲು ಬಯಸುತ್ತದೆ. ಕಾರಣ, ಕಥೆಯಲ್ಲಿ ರಂಜನೆಯಾಗಿರುವ ಈ ಅನುಮಾನವು ನಮ್ಮ ಅಲೆಮಾರಿ ಕಲಾವಿದರ ಬದುಕಿನಲ್ಲಿ ಕಾನೂನಾಗಿತ್ತು. ಗಣೆ ಹತ್ತಿ ಲಾಗ ಹಾಕುವ ದೊಂಬರ ಇತಿಹಾಸವನ್ನು ಬರೆಯುವುದೆಂದರೆ, ಒಂದು ಅರ್ಥದಲ್ಲಿ, ಅವರನ್ನು ನೋಡಿದ ಕಣ್ಣುಗಳ ಇತಿಹಾಸವನ್ನು ಬರೆಯುವುದೇ ಆಗಿದೆ.

2

ಆಟದವರ ಮೇಲಿನ ಅನುಮಾನ ವಸಾಹತುಶಾಹಿಯ ಸೃಷ್ಟಿಯಷ್ಟೇ ಎಂದು ಹೇಳುವುದು ಸರಿಯಾಗಲಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಎರಡು ನಾಲಿಗೆಯಲ್ಲಿ ಮಾತನಾಡುತ್ತದೆ. ನಟರು, ನರ್ತಕರು, ಗಾಯಕರು ಹಳ್ಳಿಗರ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅದು ವಿಧಿಸುತ್ತದೆ. ವರ್ತಕರು, ಕುಶಲಕರ್ಮಿಗಳು, ಭಿಕ್ಷುಕರು, ಇಂದ್ರಜಾಲದವರು ಮೊದಲಾದವರೊಂದಿಗೆ ಆಟದವರನ್ನೂ ಕಳ್ಳರೆಂಬ ಹೆಸರಿಲ್ಲದ ಕಳ್ಳರ ಸಾಲಿಗೆ ಸೇರಿಸುತ್ತದೆ. ಅದೇ ಗ್ರಂಥ ಇದೇ ವೇಷಗಳನ್ನು ರಾಜನ ಗೂಢಚಾರರಿಗೂ ತೊಡಿಸುತ್ತದೆ. ಎಲ್ಲಿ ಬೇಕಾದರೂ ಹೋಗಬಲ್ಲವನು, ಯಾರ ಬಾಗಿಲಲ್ಲಿ ಬೇಕಾದರೂ ನಿಲ್ಲಬಲ್ಲವನು ಆಳುವವನಿಗೆ ಏಕಕಾಲಕ್ಕೆ ಉಪಯುಕ್ತನೂ ಹೌದು, ಅಪಾಯಕಾರಿಯೂ ಹೌದು. ಪತ್ತೇದಾರ ಮತ್ತು ಆಟದವನು ಮೂಲದಲ್ಲಿ ಒಂದೇ ವೇಷದ ಎರಡು ಮುಖಗಳೆಂಬುದನ್ನು ಈ ಹಳೆಯ ಗ್ರಂಥವೇ ತೋರಿಸಿಕೊಡುತ್ತದೆ.

ಆದರೆ ಕನ್ನಡನಾಡಿನ ಪರಂಪರೆಯಲ್ಲಿ ಬೇರೊಂದು ಧಾರೆಯೂ ಇದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ, ಹನ್ನೆರಡನೆಯ ಶತಮಾನದ, 'ಮಾನಸೋಲ್ಲಾಸ'ವು ನೃತ್ಯವಿನೋದದ ಭಾಗದಲ್ಲಿ ನಟ, ನರ್ತಕ, ವೈತಾಳಿಕ, ಚಾರಣರ ಜೊತೆಗೆ ಲಾಗದ ಆಟಗಾರನಾದ ಕೊಲ್ಲಾಟಿಕನಿಗೂ ಸ್ಥಾನ ನೀಡಿದೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಇಂದಿಗೂ ಇರುವ ಕೊಲ್ಹಾಟಿ ಎಂಬ ಸಮುದಾಯನಾಮದೊಂದಿಗೆ ಈ ಪದಕ್ಕಿರುವ ಧ್ವನಿಸಾಮ್ಯ ಗಮನಾರ್ಹ. ಅದೇ ಶತಮಾನದ ಶರಣರಲ್ಲಿ ವೇಷ ಕಟ್ಟುವುದನ್ನೇ ಕಾಯಕವಾಗಿಸಿಕೊಂಡ ಬಹುರೂಪಿ ಚೌಡಯ್ಯನಿದ್ದಾನೆ. 'ರೇಕಣ್ಣಪ್ರಿಯ ನಾಗಿನಾಥ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಆತನಿಗೆ ವೇಷವೇ ಅರಿವಿನ ಮಾರ್ಗವಾಗಿತ್ತು. ರಾಜ್ಯಶಾಸ್ತ್ರವು ವೇಷದಲ್ಲಿ ಮೋಸವನ್ನು ಕಂಡರೆ ವಚನ ಚಳವಳಿಯು ವೇಷದಲ್ಲಿ ಕಾಯಕವನ್ನು ಕಂಡಿತು. ಈ ಎರಡು ನೋಟಗಳ ನಡುವಣ ತಿಕ್ಕಾಟವೇ ಮುಂದಿನ ಚರಿತ್ರೆ.

3

ಚಿತ್ರದುರ್ಗ ಜಿಲ್ಲೆಯು ಅಲೆಮಾರಿಗಳ ದಾರಿಗಳು ಕೂಡುವ ಸೀಮೆ. 1956ರಲ್ಲಿ ಕನ್ನಡನಾಡು ಒಂದಾಗುವ ಮೊದಲು ಇದು ಮೈಸೂರು ಸಂಸ್ಥಾನದ ಉತ್ತರದ ಅಂಚು. ಇದರ ಉತ್ತರಕ್ಕೆ ಬಳ್ಳಾರಿ, ಪೂರ್ವಕ್ಕೆ ಅನಂತಪುರ. ಎರಡೂ ಬಹುಕಾಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಮಳೆ ಕಡಿಮೆ, ಸುಗ್ಗಿಯಾದ ಮೇಲೆ ಬಯಲು ಬರಿದು. ಬೆಂಗಳೂರಿನಿಂದ ಹರಿಹರದತ್ತ ಹೋಗುವ ರೈಲುಹಾದಿ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರುಗಳನ್ನು ಹಾದು ಹೋಗುತ್ತದೆ. ಹಿರಿಯೂರು, ಚಿತ್ರದುರ್ಗಗಳು ಹೆದ್ದಾರಿಯ ಮೇಲಿವೆ. ಸಂತೆ, ಜಾತ್ರೆ, ತೇರುಗಳ ದಿನಗಣನೆಯನ್ನು ಬಾಯಲ್ಲಿಟ್ಟುಕೊಂಡು ಊರಿಂದೂರಿಗೆ ಸಾಗುವ ಸುಡುಗಾಡು ಸಿದ್ಧರು, ಹಗಲುವೇಷಗಾರರು, ತೊಗಲುಗೊಂಬೆಯ ಕಿಳ್ಳೇಕ್ಯಾತರು, ದುರುಗಮುರಗಿಯವರು, ಕೋಲೆಬಸವದವರು, ದೊಂಬರು ಇಂತಹ ಸೀಮೆಯಲ್ಲಿ ನೆಲೆಯಿಲ್ಲದೆಯೂ ನೆಲೆಗೊಂಡವರು.

ದೊಂಬರ ಆಟದ ಸಾಧನಗಳು ಬಹಳ ಕಡಿಮೆ. ಗಣೆ, ಹಗ್ಗ, ನೆಲದಲ್ಲಿ ಹೂಳುವ ಗೂಟಗಳು, ಒಂದು ಬಳೆ, ಒಂದು ಡೋಲು. ಊರ ಮುಂದಿನ ಬಯಲಿನಲ್ಲಿ ಎರಡು ಕಡೆ ಗಳುಗಳನ್ನು ಕತ್ತರಿಯಾಕಾರದಲ್ಲಿ ನಿಲ್ಲಿಸಿ ನಡುವೆ ಹಗ್ಗವನ್ನು ಬಿಗಿಯುತ್ತಾರೆ. ಹಗ್ಗದ ಮೇಲೆ ನಡೆಯುವವಳು ಅಡ್ಡಗೋಲನ್ನು ಹಿಡಿದು ತೂಕವನ್ನು ಕಾಯ್ದುಕೊಳ್ಳುತ್ತಾಳೆ. ಕೋಲು ಉದ್ದವಾದಷ್ಟೂ ದೇಹ ಒಂದು ಕಡೆಗೆ ವಾಲುವ ವೇಗ ತಗ್ಗುತ್ತದೆ. ಸರಿಪಡಿಸಿಕೊಳ್ಳಲು ಆ ಕ್ಷಣ ಸಾಕು. ಕೆಳಗೆ ಡೋಲು ಬಾರಿಸುವವರ ಕೆಲಸ ಜನರನ್ನು ಕರೆಯುವುದಷ್ಟೇ ಅಲ್ಲ. ಹೆಜ್ಜೆಗೆ ಲಯ ಕೊಡುವುದೂ, ಅಪಾಯದ ಗಳಿಗೆಯಲ್ಲಿ ನಿಲ್ಲುವಂತೆ ಸೂಚಿಸುವುದೂ ಅವರ ಹೊಣೆ. ಗಣೆಯಾಟದಲ್ಲಿ ಒಬ್ಬನು ಗಣೆಯನ್ನು ಸೊಂಟಕ್ಕೋ ಹೆಗಲಿಗೋ ಆನಿಸಿ ನಿಲ್ಲುತ್ತಾನೆ. ತುದಿಯಲ್ಲಿ ಮಗು ಹೊಟ್ಟೆಯ ಮೇಲೆ ತಿರುಗುತ್ತದೆ. ಇದು ಒಬ್ಬರ ಸಾಹಸವಲ್ಲ, ಇಡೀ ಕುಟುಂಬದ ಪರಸ್ಪರ ನಂಬಿಕೆಯ ಮೇಲೆ ನಿಂತ ವಿದ್ಯೆ.

ಆಟವೊಂದೇ ಇವರ ಜೀವನೋಪಾಯವಾಗಿರಲಿಲ್ಲ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನೊಂದಿಗೆ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳು ದೊಮ್ಮರರನ್ನು ಲಾಗದವರು, ಅಂಗಸಾಧಕರು ಎಂದು ವಿವರಿಸುತ್ತವೆ. ಅವರಲ್ಲಿ ಕೆಲವರು ಕೃಷಿಕೂಲಿಗಳಾಗಿ ನೆಲೆಸಿದ್ದನ್ನೂ, ಬೇಲ ಮೊದಲಾದ ಮರಗಳಿಂದ ಬಾಚಣಿಗೆಗಳನ್ನು ಮಾಡಿ ವರ್ತಕರಿಗೆ ಮಾರುತ್ತಿದ್ದುದನ್ನೂ ದಾಖಲಿಸುತ್ತವೆ. ಊರಿನ ಹೆಂಗಸರ ತಲೆ ಬಾಚುವ ಹಣಿಗೆಯನ್ನು ಕೊರೆದ ಕೈಯೇ ಗಣೆಯನ್ನೂ ಹಿಡಿದಿತ್ತೆಂಬ ಈ ವಿವರ ಮುಖ್ಯವಾದುದು. ಇದು ಕಳ್ಳರ ಗುಂಪಿನ ಚಿತ್ರವಲ್ಲ. ಹಲವು ಕಸುಬುಗಳನ್ನು ಹೊಂದಿಸಿಕೊಂಡು ಬದುಕಿದ ದುಡಿಮೆಗಾರರ ಚಿತ್ರ.

4

ಹೀಗಿದ್ದೂ ಈ ದುಡಿಮೆಗಾರರು ಪೋಲೀಸ್ ಕಡತಕ್ಕೆ ಸೇರಿದ್ದು ಹೇಗೆ? 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಜಾರಿಗೆ ತಂದಿತು. ಮೊದಲು ಉತ್ತರ ಭಾರತದ ಭಾಗಗಳಿಗೆ ಸೀಮಿತವಾಗಿದ್ದ ಇದು 1911ರ ಕಾಯಿದೆಯ ಮೂಲಕ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. 1924ರಲ್ಲಿ ಕ್ರೋಡೀಕೃತ ರೂಪ ಪಡೆಯಿತು. ಇದರ ಕೇಂದ್ರದಲ್ಲಿದ್ದ ತತ್ತ್ವ ಸರಳ: ಅಪರಾಧವೂ ಜಾತಿಯ ಕಸುಬಿನಂತೆ ವಂಶಪಾರಂಪರ್ಯವಾದುದು. ಆದ್ದರಿಂದ ವ್ಯಕ್ತಿ ಏನು ಮಾಡಿದನೆಂದು ವಿಚಾರಿಸುವುದಕ್ಕೆ ಮೊದಲು ಆತ ಯಾರ ಮಗನೆಂದು ಬರೆದುಕೊಂಡರೆ ಸಾಕು. ಅಧಿಸೂಚಿತ ಸಮುದಾಯದವರ ಹೆಸರುಗಳನ್ನು ನೋಂದಾಯಿಸಲು, ಬೆರಳಚ್ಚು ತೆಗೆದುಕೊಳ್ಳಲು, ಊರು ಬಿಟ್ಟು ಹೋಗುವುದನ್ನು ನಿಯಂತ್ರಿಸಲು, ಸೆಟ್ಲಮೆಂಟುಗಳಲ್ಲಿ ಕೂಡಿಹಾಕಲು ಕಾನೂನು ಅವಕಾಶ ನೀಡಿತು. ಹುಬ್ಬಳ್ಳಿಯ ಸೆಟ್ಲಮೆಂಟ್ ನಮ್ಮ ನಾಡಿನಲ್ಲಿ ಇದರ ಪ್ರಸಿದ್ಧ ಉದಾಹರಣೆ.

ಮದ್ರಾಸ್ ಪ್ರಾಂತ್ಯದ ಕೆಲವೆಡೆ ದೊಮ್ಮರರೂ ಈ ಪಟ್ಟಿಗೆ ಸೇರಿದ್ದರು; ತಮಿಳುನಾಡಿನ ವಿಮುಕ್ತ ಸಮುದಾಯಗಳ ಪಟ್ಟಿಯಲ್ಲಿ ಅವರ ಹೆಸರು ಇರುವುದು ಆ ಚರಿತ್ರೆಯ ಉಳಿಕೆ. ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯದ ಕಾಯಿದೆಯ ನೇರ ವ್ಯಾಪ್ತಿಗೆ ಬರುತ್ತಿರಲಿಲ್ಲವಾದರೂ ಅಲೆಮಾರಿಯ ದಾರಿಗೆ ಸಂಸ್ಥಾನದ ಗಡಿಗಲ್ಲು ಅಡ್ಡಿಯಲ್ಲ. ಬಳ್ಳಾರಿಯ ಸಂತೆಯಲ್ಲಿ ಆಡಿ ಹೊಳಲ್ಕೆರೆಯ ಜಾತ್ರೆಗೆ ಬರುವ ಕುಟುಂಬಕ್ಕೆ, ಗಡಿಯಾಚೆ ಅಂಟಿದ ಗುರುತು ಗಡಿಯೀಚೆ ತಾನಾಗಿ ಕಳಚಿಬೀಳುವಂತಹುದಲ್ಲ.

ಇಲ್ಲಿ ಒಂದು ಕಾಲಸಾಮ್ಯವನ್ನು ಗಮನಿಸಬೇಕು. ಮದ್ರಾಸ್ ಪೋಲೀಸ್ ಅಧಿಕಾರಿ ಫ್ರೆಡರಿಕ್ ಮುಲ್ಲಾಲಿ ತನ್ನ ಪ್ರಾಂತ್ಯದ ಅಪರಾಧಿ ವರ್ಗಗಳನ್ನು ಕುರಿತ ಟಿಪ್ಪಣಿಗಳನ್ನು ಪ್ರಕಟಿಸಿದ್ದು 1892ರಲ್ಲಿ. ಅದೇ 1892ರಲ್ಲಿ ಡಾಯ್ಲ್ ಅವರ ಪ್ರಸಿದ್ಧ 'ಸ್ಪೆಕಲ್ಡ್ ಬ್ಯಾಂಡ್' ಕಥೆ ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಥೆಯಲ್ಲಿ ಒಬ್ಬ ಯುವತಿಯ ಸಾವಿಗೆ, ಬಂಗಲೆಯ ತೋಟದಲ್ಲಿ ಬೀಡುಬಿಟ್ಟಿದ್ದ ಜಿಪ್ಸಿಗಳು ಕಾರಣವಿರಬಹುದೆಂದು ಹೋಮ್ಸ್ ಮೊದಲು ಊಹಿಸುತ್ತಾನೆ. ನಿಜವಾದ ಕೊಲೆಗಾರ ಮನೆಯೊಳಗೇ ಇರುವ ಮಲತಂದೆ. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದು, ಭಾರತದ ಹಾವನ್ನು ಸೀಟಿಯ ಸದ್ದಿಗೆ ಪಳಗಿಸಿದವನು. ಕಥೆಯ ಕೊನೆಯಲ್ಲಿ ಹೋಮ್ಸ್, ಅಪೂರ್ಣ ಮಾಹಿತಿಯಿಂದ ತಾನು ತಪ್ಪು ತೀರ್ಮಾನಕ್ಕೆ ಬಂದಿದ್ದೆನೆಂದು ಒಪ್ಪಿಕೊಳ್ಳುತ್ತಾನೆ. ಅಲೆಮಾರಿಯ ಮೇಲಿನ ಅನುಮಾನ ಕಥೆಯಲ್ಲಿ ಓದುಗನ ದಾರಿ ತಪ್ಪಿಸುವ ತಂತ್ರ. ಕೊನೆಯ ಪುಟದಲ್ಲಿ ಅದು ಬಿದ್ದುಹೋಗಲೇಬೇಕು. ಆದರೆ ಕಡತಕ್ಕೆ ಕೊನೆಯ ಪುಟವಿರಲಿಲ್ಲ. ತಂದೆಯ ಹೆಸರಿನ ಕೆಳಗೆ ಮಗನ ಹೆಸರು ಸೇರುತ್ತ ಹೋಗುವ ಪುಸ್ತಕ ಅದು.

ಪತ್ತೇದಾರಿಯ ವೈಜ್ಞಾನಿಕ ಸಾಧನಗಳೂ ಈ ಚರಿತ್ರೆಯಿಂದ ಹೊರಗಿಲ್ಲ. ಬೆರಳಚ್ಚಿನ ವರ್ಗೀಕರಣ ಪದ್ಧತಿಯು ರೂಪುಗೊಂಡದ್ದು ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಶ್ರಮದಿಂದ. 1897ರಲ್ಲಿ ಕಲ್ಕತ್ತೆಯಲ್ಲಿ ಅದರ ಕಚೇರಿ ಆರಂಭವಾಯಿತು. ಕಥೆಯ ಪತ್ತೇದಾರನು ಅಪರಾಧದ ಸ್ಥಳದಲ್ಲಿ ಬೆರಳ ಗುರುತನ್ನು ಹುಡುಕಿ ವ್ಯಕ್ತಿಯತ್ತ ಸಾಗುತ್ತಾನೆ. 1911ರ ಕಾಯಿದೆಯಾದರೋ ಅಪರಾಧವೇ ನಡೆಯದಿದ್ದರೂ ನೋಂದಾಯಿತನ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಲು ಅನುಮತಿಸಿತು. ಅಲ್ಲಿ ಸಾಕ್ಷ್ಯದಿಂದ ಅಪರಾಧಿಯತ್ತ ನಡಿಗೆ. ಇಲ್ಲಿ ಅಪರಾಧಿಯೆಂಬ ತೀರ್ಮಾನದಿಂದ ಸಾಕ್ಷ್ಯದತ್ತ ನಡಿಗೆ. ಮದ್ರಾಸ್ ಪ್ರಾಂತ್ಯದ ಕೊರವರನ್ನು ಕುರಿತು ಅಧ್ಯಯನ ಮಾಡಿದ ಮೀನಾ ರಾಧಾಕೃಷ್ಣ ಅವರು 2001ರ ತಮ್ಮ ಗ್ರಂಥದಲ್ಲಿ ಚರಿತ್ರೆಯೇ ಇವರ ಮಾನ ಕಳೆದುದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ರೈಲು, ಹೊಸ ವ್ಯಾಪಾರ ಮತ್ತು ಅರಣ್ಯ ನೀತಿಗಳಿಂದ ಕಸುಬು ಕಳೆದುಕೊಂಡ ಸಂಚಾರಿಗಳೇ ಅಪರಾಧಿಗಳೆಂಬ ಹಣೆಪಟ್ಟಿಗೂ ಗುರಿಯಾದರೆಂಬುದು ಆ ಚರ್ಚೆಯ ಸಾರ.

5

ಕಾಯಿದೆಯು ಹೀಗೆ ಬಿಗಿಯಾಗುತ್ತಿದ್ದ ಕಾಲದಲ್ಲಿಯೇ ಭಾರತದಲ್ಲಿ ಆಧುನಿಕ ಸರ್ಕಸ್ ತಲೆಯೆತ್ತಿತು. ವಿಷ್ಣುಪಂತ ಛತ್ರೆ 1880ರಲ್ಲಿ ಮೊದಲ ಭಾರತೀಯ ಸರ್ಕಸ್ ಕಂಪನಿಯನ್ನು ಪ್ರದರ್ಶನಕ್ಕಿಳಿಸಿದರು. ಕೀಲೇರಿ ಕುಞಿಕಣ್ಣನ್ 1901ರಲ್ಲಿ ತಲಶ್ಶೇರಿಯ ಬಳಿ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು. 1951ರಲ್ಲಿ ಗುಜರಾತಿನ ಬಿಲಿಮೋರದಲ್ಲಿ ಆರಂಭವಾದ ಜೆಮಿನಿ ಸರ್ಕಸ್ಸಿನ ಹೆಸರು ನಮ್ಮ ಹಳ್ಳಿಗಳಿಗೂ ಪರಿಚಿತ. ದೊಂಬರು ಹಗ್ಗದ ಮೇಲೆ ನಡೆದರೆ ಸರ್ಕಸ್ಸಿನವರೂ ಹಗ್ಗದ ಮೇಲೆ ನಡೆದರು. ದೇಹವಿದ್ಯೆಯಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಆದರೆ ಡೇರೆ, ಟಿಕೆಟ್ಟು, ಪರವಾನಗಿ, ಬ್ಯಾಂಡುಗಳಿದ್ದ ಕಡೆ ಅದು ಕಲೆಯೆನಿಸಿತು. ಬಯಲು, ಡೋಲು, ಹಾಸಿದ ಬಟ್ಟೆಗಳಿದ್ದ ಕಡೆ ಭಿಕ್ಷೆಯೆನಿಸಿತು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯು ಹಾಡುವುದು, ಕುಣಿಯುವುದು, ಪ್ರದರ್ಶನ ನೀಡುವುದನ್ನೂ ಭಿಕ್ಷೆ ಬೇಡುವ ನೆಪಗಳೆಂದು ಪರಿಗಣಿಸಿತು. ಒಂದೇ ಲಾಗವು ನಿಂತ ನೆಲವನ್ನು ಅವಲಂಬಿಸಿ ಪ್ರಶಸ್ತಿಯೋ ಅಪರಾಧವೋ ಆಗುವ ಈ ವೈಪರೀತ್ಯವನ್ನು ಜನಪದ ಕಲೆಗಳ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ.

ಸರ್ಕಸ್ಸಿನ ವೈಭವವೂ ನಿರಾತಂಕವಾಗಿರಲಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬಿದ್ದ ಬೆಂಕಿಯಲ್ಲಿ 92 ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಕಾಡುಪ್ರಾಣಿಗಳ ಪ್ರದರ್ಶನವನ್ನು ನಿಷೇಧಿಸಿದ 1998ರ ಅಧಿಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು. 2011ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯವು ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯುವಂತೆ ಆದೇಶಿಸಿತು. ಈ ತೀರ್ಪುಗಳು ನ್ಯಾಯಯುತವಾದವು. ಅವುಗಳ ನೆರಳು ದೊಂಬರ ಗಣೆಯ ಮೇಲೂ ಬೀಳುತ್ತದೆ ಎಂಬುದನ್ನು ಮರೆಯಲಾಗದು. ಗಣೆಯ ತುದಿಯ ಮಗುವಿಗೆ ಶಾಲೆಯೇ ಸರಿಯಾದ ಜಾಗ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವನ್ನು ಗಣೆಯಿಂದ ಇಳಿಸುವ ಸಮಾಜವು ಆ ತಾಯಿತಂದೆಯರಿಗೆ ನಿವೇಶನ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿಗಳನ್ನು ಒದಗಿಸದಿದ್ದರೆ ಆ ಕಾಳಜಿ ಅರ್ಧಸತ್ಯವಾಗುತ್ತದೆ.

6

ಕನ್ನಡದ ಪತ್ತೇದಾರಿ ಸಾಹಿತ್ಯವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕಾಗಿದೆ. ಮೂಡಿಗೆರೆ ಸೀಮೆಯಿಂದ ಬಂದ, ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನಂತಹ ಪಾತ್ರಗಳ ಮೂಲಕ ಸಾಮಾನ್ಯ ಓದುಗರ ಒಂದು ದೊಡ್ಡ ವರ್ಗವನ್ನು ಸೃಷ್ಟಿಸಿದರು. ಬಸ್ ನಿಲ್ದಾಣದ ಅಂಗಡಿಯಲ್ಲಿ, ಬಾಡಿಗೆ ಪುಸ್ತಕದ ಗೂಡಿನಲ್ಲಿ ಕನ್ನಡದ ಓದನ್ನು ಉಳಿಸಿದ ಶ್ರೇಯಸ್ಸು ಇಂತಹವರಿಗೂ ಸಲ್ಲಬೇಕು. ವಿಮರ್ಶೆ ಇವನ್ನು ಜನಪ್ರಿಯ ಸಾಹಿತ್ಯವೆಂದು ಬದಿಗಿರಿಸಿತು. ಆದರೆ ಯಾರ ಮೇಲೆ ಸಮಾಜಕ್ಕೆ ಸುಲಭವಾಗಿ ಅನುಮಾನ ಹುಟ್ಟುತ್ತದೆ, ಯಾರನ್ನು ಅದು ಸುಲಭವಾಗಿ ನಂಬುತ್ತದೆ ಎಂಬುದನ್ನು ತಿಳಿಯಲು ಜನಪ್ರಿಯ ಕಥನಕ್ಕಿಂತ ಉತ್ತಮ ಆಕರವಿಲ್ಲ.

'ಪತ್ತೇದಾರ' ಎಂಬ ಪದವೇ ಇಲ್ಲಿ ಅರ್ಥಪೂರ್ಣ. ಪತ್ತೆ ಎಂದರೆ ಜಾಡು. ಅದೇ ಮೂಲದ ಪದಕ್ಕೆ ಹಿಂದಿ, ಮರಾಠಿಗಳಲ್ಲಿ ವಿಳಾಸವೆಂಬ ಅರ್ಥವೂ ಇದೆ. ಮನೆ, ಊರು, ಜಮೀನು ಇದ್ದವನಿಗೆ ವಿಳಾಸವಿದೆ. ವಿಳಾಸವಿಲ್ಲದವನಿಗೆ ಉಳಿಯುವುದು ಜಾಡು ಮಾತ್ರ. ಅಲೆಮಾರಿಯು ಆಡಳಿತದ ದೃಷ್ಟಿಯಲ್ಲಿ ಬಹುಕಾಲ ವಿಳಾಸವಿಲ್ಲದೆ ಬರಿಯ ಜಾಡಾಗಿಯೇ ಉಳಿದನು.

7

ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ಅದರ ಬದಲಿಗೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಅದು ಸಮುದಾಯವನ್ನಲ್ಲದೆ ವ್ಯಕ್ತಿಯನ್ನು ಗುರಿಯಾಗಿಸುವ ಕಾನೂನೆಂಬುದು ದೊಡ್ಡ ವ್ಯತ್ಯಾಸವೇ ಸರಿ. ಆದರೂ ಹಳೆಯ ಕಣ್ಣು ಹೊಸ ಕಾಯಿದೆಯೊಳಗಿಂದಲೂ ನೋಡಬಲ್ಲದು. ಬಾಲಕೃಷ್ಣ ರೇಣಕೆ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 2008ರ ತನ್ನ ವರದಿಯಲ್ಲಿ ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳ ನೆಲೆಯಿಲ್ಲದ ಬದುಕನ್ನು ದಾಖಲಿಸಿತು. 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆ ಕೈಪಿಡಿಗಳಲ್ಲಿನ ಜಾತಿ ತಾರತಮ್ಯವನ್ನು ತೊಡೆದುಹಾಕುತ್ತ, ವಿಮುಕ್ತ ಸಮುದಾಯದವರನ್ನು ಹುಟ್ಟಿನ ಕಾರಣಕ್ಕೆ ರೂಢಿಗತ ಅಪರಾಧಿಗಳೆಂದು ಕಾಣುವುದನ್ನು ಖಂಡಿಸಿತು. ಕಾಯಿದೆ ರದ್ದಾಗಿ 72 ವರ್ಷಗಳ ಮೇಲೂ ದೇಶದ ಅತ್ಯುನ್ನತ ನ್ಯಾಯಾಲಯ ಇದನ್ನು ಹೇಳಬೇಕಾಗಿ ಬಂದುದೇ ಆ ಕಣ್ಣಿನ ಆಯುಷ್ಯಕ್ಕೆ ಸಾಕ್ಷಿ. ಕರ್ನಾಟಕದಲ್ಲಿ ದೊಂಬರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಆದರೆ ಪಟ್ಟಿಯ ಹೆಸರು ವ್ಯಕ್ತಿಯ ಕೈಗೆ ಪ್ರಮಾಣಪತ್ರವಾಗಿ ತಲುಪಲು ಅದೇ ವಿಳಾಸ ಬೇಕಾಗುತ್ತದೆ.

ಕೊನೆಯದಾಗಿ, ಜಾನಪದ ವಿದ್ವಾಂಸರಾದ ನಮ್ಮನ್ನೇ ಕುರಿತು ಒಂದು ಮಾತು. ಹೊಳಲ್ಕೆರೆ, ಹೊಸದುರ್ಗಗಳ ಸುತ್ತ ಕ್ಷೇತ್ರಕಾರ್ಯ ಮಾಡುವಾಗ ನಾನು ಪುಸ್ತಕ ತೆರೆದು ಹೆಸರು, ತಂದೆಯ ಹೆಸರು, ಬೆಡಗು, ಮೂಲ ಊರುಗಳನ್ನು ಕ್ರಮವಾಗಿ ಕೇಳತೊಡಗಿದೆ. ಅದುವರೆಗೆ ನಗುನಗುತ್ತ ಆಟದ ಮಾತಾಡುತ್ತಿದ್ದ ಹಿರಿಯರು ಮೌನವಾದರು. ಬಳಿಕ, ಬರೆದುಕೊಂಡದ್ದು ಯಾವ ಕಚೇರಿಗೆ ಹೋಗುತ್ತದೆಂದು ಒಬ್ಬರು ವಿಚಾರಿಸಿದರು. ನನ್ನ ಪ್ರಶ್ನಾವಳಿಯ ಕ್ರಮವೂ ಠಾಣೆಯ ನೋಂದಣಿಯ ಕ್ರಮವೂ ಒಂದೇ ಆಗಿದೆಯೆಂಬುದು ಆಗ ನನಗೆ ಹೊಳೆಯಿತು. ಕಥೆ ಹೇಳುವವರನ್ನು ನಾವು 'ಮಾಹಿತಿದಾರ'ರೆಂದು ಬರೆಯುತ್ತೇವೆ. ಪೋಲೀಸರೂ ಅದೇ ಪದವನ್ನು ಬಳಸುತ್ತಾರೆ. ಥರ್ಸ್ಟನ್ ಅವರ ಜನಾಂಗ ವಿವರಣೆ ಮತ್ತು ಮುಲ್ಲಾಲಿಯ ಅಪರಾಧಿ ವಿವರಣೆಗಳು ಒಂದೇ ಕಪಾಟಿನ ಪುಸ್ತಕಗಳೆಂಬುದನ್ನು ನಮ್ಮ ಶಿಸ್ತು ಮರೆಯುವಂತಿಲ್ಲ.

ಆ ದಿನದಿಂದ ನಾನು ಹೆಸರನ್ನು ಕೊನೆಗೆ ಕೇಳುತ್ತೇನೆ, ಅದೂ ಅವರು ಒಪ್ಪಿದರೆ. ಮೊದಲು ಹಗ್ಗ ಬಿಗಿಯುವ ಬಗೆಯನ್ನು, ಬೀಳದಂತೆ ಬೀಳುವ ವಿದ್ಯೆಯನ್ನು, ಡೋಲಿನ ಸೂಚನೆಗಳನ್ನು ಕೇಳುತ್ತೇನೆ. ದೊಂಬರನ್ನು ಕುರಿತು ಸಿದ್ಧವಾಗಬೇಕಾದ ದಾಖಲೆ ಇದು: ಅವರು ಯಾರೆಂಬುದರ ಪಟ್ಟಿಗಿಂತ ಮೊದಲು ಅವರಿಗೆ ಏನು ಗೊತ್ತಿದೆ ಎಂಬುದರ ಕೋಶ. ಜಿಲ್ಲೆಯ ಆರೂ ತಾಲ್ಲೂಕುಗಳಲ್ಲಿ ಹಗ್ಗ-ಗಣೆಗಳನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ, ಅವರ ಒಪ್ಪಿಗೆಯೊಂದಿಗೆ ಆ ವಿದ್ಯೆಯ ದೃಶ್ಯದಾಖಲೆ ಆಗಬೇಕು. ಅದರ ಒಂದು ಪ್ರತಿ ಆ ಕುಟುಂಬಗಳ ಬಳಿಯೇ ಉಳಿಯಬೇಕು. ಅವರ ಮಕ್ಕಳಿಗೆ ಶಾಲೆಯ ಅಂಗಸಾಧನೆಯಲ್ಲಿ, ಕ್ರೀಡಾ ತರಬೇತಿಯಲ್ಲಿ ಈ ಪಾರಂಪರಿಕ ತಿಳಿವಳಿಕೆಗೆ ಮನ್ನಣೆ ಸಿಗಬೇಕು. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಜನ ಮುಗಿಬಿದ್ದು ನೋಡಿ ಮೆಚ್ಚುತ್ತಾರೆ. ಆ ಮೆಚ್ಚುಗೆಯ ಒಂದು ಪಾಲು ಗಣೆ ಹತ್ತಿದ ಅನಾಮಿಕರಿಗೂ ಸಲ್ಲತಕ್ಕದ್ದು.

ಪರದೆಯ ಮೇಲಿನ ಆಟದಲ್ಲಿ ಸಾಕ್ಷ್ಯ ತಪ್ಪಾದರೆ ಹಿಂದಕ್ಕೆ ಹೋಗಿ ಮತ್ತೆ ಆಡಬಹುದು. ಚರಿತ್ರೆಯಲ್ಲಿ ಹಿಂದಕ್ಕೆ ಹೋಗುವ ದಾರಿಯೆಂದರೆ ಸಂಶೋಧನೆಯೊಂದೇ. ಅನುಮಾನದಿಂದ ಬರೆದ ಪುಟಗಳನ್ನು ಮರಳಿ ಓದಿ, ತಪ್ಪು ತೀರ್ಮಾನವನ್ನು ತಪ್ಪೆಂದು ಒಪ್ಪಿಕೊಳ್ಳುವ ಆ ಪ್ರಾಮಾಣಿಕತೆಯನ್ನು ಕಥೆಯ ಪತ್ತೇದಾರ 1892ರಲ್ಲಿಯೇ ತೋರಿದ್ದಾನೆ. ನಮ್ಮ ಜಾನಪದ ಅಧ್ಯಯನವೂ ಅಷ್ಟನ್ನು ತೋರಬೇಕಾದ ಕಾಲ ಬಂದಿದೆ.